ನನ್ನ ಎರಡು ವಾಕ್ಯಗಳು: ಧರ್ಮದ ಟೀಕೆಯೋ, ಮತದ್ವೇಷವೋ?

ಒಂಟಿಕೊಪ್ಪಲು ಮೇಷ್ಟ್ರು

ಕಳೆದ ಭಾನುವಾರ ಮೈಸೂರಿನ ಒಂದು ಸಣ್ಣ ಓದುಗರ ಕೂಟದಲ್ಲಿ ಧರ್ಮ ಮತ್ತು ಹೆಣ್ಣುಮಕ್ಕಳ ಹಕ್ಕುಗಳ ಬಗ್ಗೆ ಮುಕ್ಕಾಲು ಗಂಟೆ ಮಾತನಾಡಿದೆ. ಮೊದಲರ್ಧದಲ್ಲಿ ನಮ್ಮ ಮನೆಗಳ ಸಂಗತಿಯನ್ನೇ ಎತ್ತಿಕೊಂಡಿದ್ದೆ. ಮೈಸೂರು ಸಂಸ್ಥಾನ 1894ರಲ್ಲಿ ಬಾಲ್ಯವಿವಾಹ ತಡೆಯುವ ಕಾನೂನು ತಂದಾಗ ಅದು ನಿಷೇಧಿಸಿದ್ದು 8 ವರ್ಷ ತುಂಬದ ಹುಡುಗಿಯ ಮದುವೆಯನ್ನು ಮತ್ತು 50 ದಾಟಿದ ಗಂಡಸು 14 ತುಂಬದ ಹುಡುಗಿಯನ್ನು ಕಟ್ಟಿಕೊಳ್ಳುವುದನ್ನು ಮಾತ್ರ. ಅಷ್ಟಕ್ಕೇ ಶಾಸ್ತ್ರಕ್ಕೆ ಅಪಚಾರವಾಯಿತೆಂಬ ಕೂಗೆದ್ದಿತ್ತು ಎಂದು ವಿವರಿಸಿದೆ. ಸಭೆ ತಲೆದೂಗಿತು. ಉತ್ತರಾರ್ಧದಲ್ಲಿ ತ್ರಿವಳಿ ತಲಾಖನ್ನು ಅಸಿಂಧುಗೊಳಿಸಿದ 2017ರ ಆಗಸ್ಟ್ 22ರ ಸುಪ್ರೀಂ ಕೋರ್ಟ್ ತೀರ್ಪಿಗೆ ಬಂದೆ. ಅಲ್ಲಿ ನಾನು ಹೇಳಿದ ಎರಡು ವಾಕ್ಯಗಳನ್ನು ಮನೆಗೆ ಬಂದು ಹಾಗೆಯೇ ಬರೆದಿಟ್ಟುಕೊಂಡಿದ್ದೇನೆ: "ಒಂದೇ ಉಸಿರಿನಲ್ಲಿ ಮೂರು ಸಲ ಹೇಳಿ ಹೆಂಡತಿಯನ್ನು ಬೀದಿಗೆ ತಳ್ಳಲು ಬಿಟ್ಟ ಪದ್ಧತಿಯನ್ನು ಯಾವ ಗ್ರಂಥದ ಹೆಸರಿನಲ್ಲಿಯೂ ಸಮರ್ಥಿಸಲಾಗದು. ಆ ಜನವೇ ಹಾಗೆ, ಅವರ ಮನೆಯ ಹೆಣ್ಣುಮಕ್ಕಳಿಗೆ ಬಾಯಿ ಎಂಬುದೇ ಇಲ್ಲ."

ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗ ಎದ್ದು ನಿಂತು, "ಸರ್, ಇದು ಮತಾಂಧತೆ" ಎಂದ. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳಿದವನಿಗೆ ಆ ಮಾತು ಎದೆಗೆ ನಾಟಿತು. ನನ್ನ ಧರ್ಮವನ್ನು ಟೀಕಿಸಿದಾಗ ವಿಚಾರವಾದಿಯಾಗಿದ್ದ ನಾನು ಇನ್ನೊಂದು ಧರ್ಮದ ಹತ್ತಿರ ಬಂದ ಕೂಡಲೇ ಮತಾಂಧನಾಗುವುದು ಹೇಗೆ? ಒಂದು ಧರ್ಮವನ್ನು ಟೀಕಿಸುವುದೇ ಅದರ ಅನುಯಾಯಿಗಳನ್ನು ದ್ವೇಷಿಸಿದ ಹಾಗೆ ಎಂದಾದರೆ ಇನ್ನು ಯಾರು ಯಾವುದನ್ನು ಪ್ರಶ್ನಿಸುವುದು? ಇಲ್ಲಿರುವವರು ದಾಕ್ಷಿಣ್ಯವಿಲ್ಲದೆ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಸಭೆಯಲ್ಲಿದ್ದ ವಿದ್ಯಾರ್ಥಿ

ಸರ್, ಆ ಪದ ಬಳಸಿದವನು ನಾನೇ. ಆ ದಿನ ನನ್ನ ದನಿ ಜೋರಾಯಿತು, ಅದಕ್ಕೆ ಕ್ಷಮೆ ಇರಲಿ. ಪದವೂ ತಪ್ಪಾಯಿತೆಂದು ಈಗ ಅನ್ನಿಸುತ್ತಿದೆ. ತನ್ನ ಮತದ ಮೇಲಿನ ಕುರುಡು ಅಭಿಮಾನಕ್ಕೆ ಮತಾಂಧತೆ ಎನ್ನುತ್ತಾರೆ, ಮತ್ತು ನಿಮಗೆ ನಿಮ್ಮ ಮತದ ಬಗ್ಗೆ ಕುರುಡಿಲ್ಲ ಎನ್ನುವುದಕ್ಕೆ ನಿಮ್ಮ ಮಾತಿನ ಮೊದಲರ್ಧವೇ ಸಾಕ್ಷಿ. ನಾನು ಹೇಳಬೇಕಾಗಿದ್ದುದು ಬೇರೆ. ಮೊದಲರ್ಧದಲ್ಲಿ ನೀವು "ಆ ಕಾಲದ ಪದ್ಧತಿ", "ಶಾಸ್ತ್ರಿಗಳ ವಾದ", "ಸಂಸ್ಥಾನದ ಅಂಜಿಕೆ" ಎಂದು ಬಿಡಿಸಿ ಬಿಡಿಸಿ ಹೇಳಿದಿರಿ. ನಿಮ್ಮ ಮುತ್ತಜ್ಜನ ಕಾಲದ ಜನರೆಲ್ಲ "ಹಾಗೆಯೇ" ಎಂದು ಒಮ್ಮೆಯೂ ಹೇಳಲಿಲ್ಲ. ಎರಡನೆಯ ಅರ್ಧಕ್ಕೆ ಬಂದಾಗ ಕಾಲ, ವಾದ, ವ್ಯಕ್ತಿ ಎಲ್ಲವೂ ಮಾಯವಾಗಿ "ಆ ಜನ" ಎಂಬ ಒಂದೇ ಮುದ್ದೆ ಉಳಿಯಿತು. ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕೋ ನನಗೆ ಆ ಕ್ಷಣ ಹೊಳೆಯಲಿಲ್ಲ.

ಉದಯಗಿರಿಯ ಶಿಕ್ಷಕಿ

ಮೇಷ್ಟ್ರೇ, ನಿಮ್ಮ ಎರಡು ವಾಕ್ಯಗಳಲ್ಲಿ ಮೊದಲನೆಯದನ್ನು ನಾನು ನಿಮಗಿಂತ ಕಟುವಾಗಿ, ನಮ್ಮ ಮನೆಯ ಊಟದ ಹೊತ್ತಿನಲ್ಲಿ, ನನ್ನ ಚಿಕ್ಕಪ್ಪನ ಮುಖಕ್ಕೇ ಹೇಳಿದ್ದೇನೆ. ಆ ಪದ್ಧತಿಗೆ ಕುರಾನಿನ ಆಧಾರವಿಲ್ಲವೆಂದು ವಾದಿಸುವ ಮೌಲ್ವಿಗಳೂ ಇದ್ದಾರೆ, ಇದೆಯೆಂದು ವಾದಿಸುವವರೂ ಇದ್ದಾರೆ. ಯಾವ ಆಧಾರವಿದ್ದರೂ ಅದು ಅನ್ಯಾಯವೇ ಎಂದು ಹೇಳುವ ಹಕ್ಕು ನಿಮಗೂ ಇದೆ, ನನಗೂ ಇದೆ. ಅದಕ್ಕೆ ಯಾರಾದರೂ ನಿಮ್ಮನ್ನು ದ್ವೇಷಿ ಎಂದರೆ ನಿಮ್ಮ ಪಕ್ಕದಲ್ಲಿ ನಿಲ್ಲುತ್ತೇನೆ.

ಎರಡನೆಯ ವಾಕ್ಯದಲ್ಲಿ ನೀವು ಧರ್ಮದ ವಿಷಯವನ್ನೇ ಮಾತನಾಡಿಲ್ಲ. ಅಲ್ಲಿರುವುದು ನಾನು, ನನ್ನ ಅಮ್ಮ, ನನ್ನ ಅಕ್ಕ. ಅದಿರಲಿ, ನೀವು ಉಲ್ಲೇಖಿಸಿದ ತೀರ್ಪಿಗೆ ಕಾರಣವಾದ ಮೊಕದ್ದಮೆಯನ್ನು ಹೂಡಿದವರು ಯಾರು? ಶಾಯರಾ ಬಾನು ಎಂಬ ಉತ್ತರಾಖಂಡದ ಮುಸ್ಲಿಂ ಹೆಣ್ಣುಮಗಳು. ಅದಕ್ಕೂ ಮೊದಲು, ಜೀವನಾಂಶಕ್ಕಾಗಿ ಇಂದೋರಿನ ಶಾ ಬಾನು ಕೋರ್ಟಿನ ಮೆಟ್ಟಿಲು ಹತ್ತಿದಾಗ ಆಕೆಗೆ ಅರವತ್ತು ದಾಟಿತ್ತು, 1985ರಲ್ಲಿ ಆಕೆ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು, ಮರುವರ್ಷ ಸಂಸತ್ತು ಇನ್ನೊಂದು ಕಾನೂನು ಮಾಡಿ ಆ ಗೆಲುವಿನ ಬಲವನ್ನು ಕುಗ್ಗಿಸಿತು. ಬಾಯಿಯೇ ಇಲ್ಲದವರು ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಿ ವಾದಿಸಿದ್ದು ಹೇಗೆ? ನಿಮ್ಮ ಉದಾಹರಣೆಯೇ ನಿಮ್ಮ ಎರಡನೆಯ ವಾಕ್ಯಕ್ಕೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತಿತ್ತು, ಆದರೂ ನಿಮಗೆ ಅದು ಕೇಳಿಸಲಿಲ್ಲ. ಎದುರಿಗಿರುವ ಸಾಕ್ಷ್ಯವನ್ನೂ ಕಾಣಗೊಡದ ಆ ಗುಣವನ್ನೇ ಪೂರ್ವಗ್ರಹ ಎನ್ನುವುದು.

ಇನ್ನೊಂದು ಮಾತು. ಕೆಲವು ವರ್ಷಗಳ ಹಿಂದೆ ಶಾಲೆಗೆ ಹತ್ತಿರವಾಗಲೆಂದು ಮೈಸೂರಿನ ಬೇರೊಂದು ಬಡಾವಣೆಯಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆ. ಒಬ್ಬ ಯಜಮಾನರು ಬಹಳ ಮರ್ಯಾದೆಯಿಂದ ಕೂರಿಸಿ, ಕಾಫಿ ಕೊಟ್ಟು, ನನ್ನ ಹೆಸರು ಕೇಳಿ, ಆಮೇಲೆ "ತಪ್ಪು ತಿಳಿಯಬೇಡಮ್ಮ, ನಿಮ್ಮವರಿಗೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ" ಎಂದರು. ಅವರು ನನ್ನ ಧರ್ಮದ ವಿರುದ್ಧ ಒಂದಕ್ಷರ ಆಡಲಿಲ್ಲ. ಎಲ್ಲ ದೇವರೂ ಒಂದೇ ಎಂದು ಕೂಡ ಹೇಳಿದರು. ಧರ್ಮದ ಟೀಕೆ ಸ್ವಲ್ಪವೂ ಇಲ್ಲದ ಮತದ್ವೇಷವನ್ನು ನಾನು ಹಾಗೆ ಕಾಫಿಯ ಜೊತೆಗೆ ಕಂಡಿದ್ದೇನೆ. ಆದ್ದರಿಂದ ನಿಮ್ಮ ಮೊದಲ ವಾಕ್ಯದ ಕಟುತ್ವ ನನ್ನನ್ನು ಹೆದರಿಸುವುದಿಲ್ಲ.

ಒಂಟಿಕೊಪ್ಪಲು ಮೇಷ್ಟ್ರು

ಮೇಡಂ, ಶಾಯರಾ ಬಾನು ಅವರ ವಿಷಯದಲ್ಲಿ ನೀವು ಹೇಳಿದ್ದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೂ ಒಂದು ಸಂದೇಹ ಉಳಿಯುತ್ತದೆ. ಧರ್ಮ ಬೇರೆ, ಜನ ಬೇರೆ ಎಂದು ಗೆರೆ ಎಳೆಯುವುದು ಕಾಗದದ ಮೇಲೆ ಸುಲಭ. ಧರ್ಮವೆಂಬುದು ಎಲ್ಲೋ ಕಪಾಟಿನಲ್ಲಿ ಕುಳಿತಿಲ್ಲ, ಜನ ನಡೆದುಕೊಳ್ಳುವ ರೀತಿಯೇ ಧರ್ಮ. ಪದ್ಧತಿಯನ್ನು ಆಚರಿಸುವವರು ಜನರೇ ಆಗಿರುವಾಗ, ಆಚರಿಸುವವರನ್ನು ಹೆಸರಿಸದೆ ಆಚರಣೆಯನ್ನು ಟೀಕಿಸುವುದಾದರೂ ಹೇಗೆ?

ಮಂಡ್ಯದ ವಕೀಲೆ

ಸರ್, ಆ ಗೆರೆ ಕಾಗದದ ಮೇಲಿನದೇ, ಆದರೆ ಬಹಳ ಹಳೆಯ ಕಾಗದ. 1920ರ ದಶಕದಲ್ಲಿ ಲಾಹೋರಿನಲ್ಲಿ ಪ್ರವಾದಿಯವರ ಖಾಸಗಿ ಬದುಕನ್ನು ಗೇಲಿ ಮಾಡುವ ಒಂದು ಕಿರುಹೊತ್ತಗೆ ಪ್ರಕಟವಾಯಿತು. ಪ್ರಕಾಶಕನ ಮೇಲೆ ಹೂಡಿದ್ದು ದಂಡ ಸಂಹಿತೆಯ 153ಎ ಕಲಮು, ಅಂದರೆ ಸಮುದಾಯಗಳ ನಡುವೆ ವೈರ ಹುಟ್ಟಿಸಿದ ಆರೋಪ. ಗತಿಸಿದ ಧರ್ಮಗುರುವಿನ ಮೇಲಿನ ದಾಳಿ ಆ ಸಮುದಾಯದ ಮೇಲಿನ ದಾಳಿ ಎಂದಾಗುವುದಿಲ್ಲವೆಂದು 1927ರಲ್ಲಿ ಲಾಹೋರ್ ಹೈಕೋರ್ಟ್ ಅವನನ್ನು ಬಿಡುಗಡೆ ಮಾಡಿತು. ಗದ್ದಲವೆದ್ದಿತು, ಅದೇ ವರ್ಷ ಸರ್ಕಾರ ಧಾರ್ಮಿಕ ನಂಬಿಕೆಗೆ ಮಾಡುವ ಅವಮಾನವನ್ನು ಶಿಕ್ಷಿಸುವ 295ಎ ಎಂಬ ಹೊಸ ಕಲಮನ್ನು ಸೇರಿಸಿತು. ಕಾನೂನು ಬಂದ ಮೇಲೂ 1929ರಲ್ಲಿ ಆ ಪ್ರಕಾಶಕನ ಕೊಲೆಯಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವೆರಡು ಕ್ರಮವಾಗಿ 196 ಮತ್ತು 299ನೆಯ ಕಲಮುಗಳಾಗಿವೆ. ನಂಬಿಕೆಗೆ ಆಗುವ ಅವಮಾನಕ್ಕೆ ಒಂದು ಕಲಮು, ಜನರ ವಿರುದ್ಧ ಹುಟ್ಟಿಸುವ ವೈರಕ್ಕೆ ಇನ್ನೊಂದು ಕಲಮು ಎಂದು ನಮ್ಮ ಕಾನೂನೇ ಎರಡನ್ನು ಬೇರೆ ಮಾಡಿಟ್ಟಿದೆ.

ಮೊದಲನೆಯದಕ್ಕೂ ಮಿತಿಯಿದೆ. ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ 1957ರಲ್ಲಿ ಸುಪ್ರೀಂ ಕೋರ್ಟ್ 295ಎ ಕಲಮನ್ನು ಎತ್ತಿಹಿಡಿಯುವಾಗ, ಉದ್ದೇಶಪೂರ್ವಕವಾದ ದುರುದ್ದೇಶದಿಂದ ಮಾಡಿದ ಅವಮಾನಕ್ಕೆ ಮಾತ್ರ ಇದು ಅನ್ವಯ, ತಿಳಿಯದೆಯೋ ಅಜಾಗರೂಕತೆಯಿಂದಲೋ ಆಡಿದ ಮಾತಿಗೆ ಅಲ್ಲವೆಂದು ಸ್ಪಷ್ಟಪಡಿಸಿತು. ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳಬೇಕಾದರೆ ಸರ್ಕಾರದ ಪೂರ್ವಾನುಮತಿಯೂ ಬೇಕು. ನಮ್ಮ ಊರಿನ ಕೋರ್ಟಿನ ಅಂಗಳದಲ್ಲಿ ಮಾತ್ರ ಇದಾವುದೂ ಯಾರ ನೆನಪಿಗೂ ಬರುವುದಿಲ್ಲ, ಯಾರದೋ ಫೇಸ್‌ಬುಕ್ ಬರಹದಿಂದ ಮನಸ್ಸಿಗೆ ನೋವಾಗಿದೆಯೆಂದು ಹದಿನೈದು ಜನ ಒಟ್ಟಾಗಿ ಠಾಣೆಗೆ ಹೋಗಿ, ಅಲ್ಲಿಂದ ನನ್ನ ಕಚೇರಿಗೆ ಬಂದು, "ಮೇಡಂ, ಯಾವ ಸೆಕ್ಷನ್ ಗಟ್ಟಿ?" ಎಂದು ಕೇಳುತ್ತಾರೆ. ನೋವು ನಿಜವೇ ಇರಬಹುದು. ನೋವಾಯಿತು ಎಂಬುದರಿಂದ ಹೇಳಿದವನ ಮನಸ್ಸಿನಲ್ಲಿ ದ್ವೇಷವಿತ್ತೆಂದು ಸಿದ್ಧವಾಗುವುದಿಲ್ಲ.

ನಿಮ್ಮ ಸಂದೇಹಕ್ಕೆ ನನ್ನ ಉತ್ತರ ಇಷ್ಟು. ಆಚರಿಸುವವರನ್ನು ಧಾರಾಳವಾಗಿ ಹೆಸರಿಸಿ, ಆದರೆ ಆಚರಿಸುವವರನ್ನು ಮಾತ್ರ. ಹೆಂಡತಿಯನ್ನು ಬೀದಿಗೆ ತಳ್ಳಿದ ಗಂಡನಿದ್ದಾನೆ, ಅವನನ್ನು ಸಮರ್ಥಿಸಿದ ಮಂಡಳಿಯಿದೆ, ಬಾಯಿಮುಚ್ಚಿಕೊಂಡಿದ್ದ ರಾಜಕೀಯ ಪಕ್ಷವಿದೆ. ಇವರೆಲ್ಲರನ್ನೂ ಬಿಟ್ಟು ನಿಮ್ಮ ಎರಡನೆಯ ವಾಕ್ಯ ತಳ್ಳಿಸಿಕೊಂಡವಳ ಮೇಲೆಯೇ ಹೋಗಿ ಬಿದ್ದಿದೆ.

ಮೇಲುಕೋಟೆ ಮೂಲದವನು

ನಾನು ಆಸ್ತಿಕ, ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನು. ಆದ್ದರಿಂದ ಈ ಚರ್ಚೆಯಲ್ಲಿ ನನ್ನ ಕುರ್ಚಿ ಯಾವ ಕಡೆ ಇದೆಯೆಂದು ಮೊದಲೇ ಹೇಳಿಬಿಡುತ್ತೇನೆ. 'ಟೀಕೆ' ಎಂಬ ಪದವನ್ನು ಇಲ್ಲಿ ಎಲ್ಲರೂ ಆಕ್ಷೇಪ ಎಂಬ ಅರ್ಥದಲ್ಲಿ ಬಳಸುತ್ತಿದ್ದೀರಿ. ನಮ್ಮ ಹಿರಿಯರಿಗೆ ಟೀಕೆಯೆಂದರೆ ವ್ಯಾಖ್ಯಾನ. ಜಯತೀರ್ಥರನ್ನು ಟೀಕಾಚಾರ್ಯರು ಎನ್ನುವುದು ಅವರು ಮಧ್ವರ ಗ್ರಂಥಗಳಿಗೆ ಟೀಕೆ ಬರೆದರೆಂಬ ಗೌರವದಿಂದ. ಅರ್ಥ ಮಾಡಿಸುವ ಕೆಲಸದ ಹೆಸರು ಕಾಲಕ್ರಮದಲ್ಲಿ ತಪ್ಪು ಹಿಡಿಯುವ ಕೆಲಸಕ್ಕೆ ಬಂದು ನಿಂತಿತು. ಶಾಸ್ತ್ರಗ್ರಂಥಗಳಲ್ಲಿ ಖಂಡನೆ ಇರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು. ಅದ್ವೈತಿಗಳನ್ನು ವಿಶಿಷ್ಟಾದ್ವೈತಿಗಳು, ಇಬ್ಬರನ್ನೂ ದ್ವೈತಿಗಳು, ಎಲ್ಲರನ್ನೂ ಜೈನರು ಬೌದ್ಧರು ಕತ್ತರಿಸಿಹಾಕಿದ್ದಾರೆ. ಆದರೆ ಖಂಡನೆಗೆ ಮುಂಚೆ ಪೂರ್ವಪಕ್ಷ ಬರೆಯಬೇಕಿತ್ತು. ಎದುರಾಳಿಯ ಮತವನ್ನು ಅವನೇ ಓದಿ "ಹೌದು, ನಾನು ಹೇಳುವುದು ಇದೇ" ಎಂದು ಒಪ್ಪುವಷ್ಟು ಚೆನ್ನಾಗಿ ಬರೆಯದವನ ಖಂಡನೆಯನ್ನು ವಾಕ್ಯಾರ್ಥ ಸಭೆಯಲ್ಲಿ, ಅಂದರೆ ಪಂಡಿತರ ಶಾಸ್ತ್ರಚರ್ಚೆಯಲ್ಲಿ, ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ.

ಈಗಿನ ವಿಚಾರವಾದಿಗಳಲ್ಲಿ ನನ್ನ ಆಚರಣೆಯ ಪೂರ್ವಪಕ್ಷವನ್ನು ಅರ್ಧ ಪುಟದಷ್ಟು ಬರೆಯಬಲ್ಲವರು ಎಷ್ಟು ಜನರಿದ್ದಾರೆ? ನನ್ನ ತಾಯಿ ಎಂಬತ್ತೆರಡನೆಯ ವಯಸ್ಸಿನಲ್ಲಿಯೂ ಮೇಲುಕೋಟೆಯ ವೈರಮುಡಿ ಉತ್ಸವದ ರಾತ್ರಿ ನಿದ್ದೆ ಮಾಡದೆ ಕಾಯುತ್ತಾರೆ. ಅವರನ್ನು ಯಾವುದೋ ವೇದಿಕೆಯಿಂದ "ಮೂಢರು" ಎಂದು ಕರೆದಾಗ ಅಲ್ಲಿ ಯಾವ ವಾದವೂ ಇರುವುದಿಲ್ಲ, ಬರೀ ತಾತ್ಸಾರವಿರುತ್ತದೆ. ತಾತ್ಸಾರಕ್ಕೂ ದ್ವೇಷಕ್ಕೂ ದೂರವೆಷ್ಟು ಎಂದು ತಿಳಿಯಲು ಬಯಸುತ್ತೇನೆ. ಜೊತೆಗೆ, ಹಿಂದೂಗಳನ್ನು ಬೈದರೆ ಪ್ರಗತಿಪರತೆ, ಬೇರೆಯವರನ್ನು ಬೈದರೆ ಮತಾಂಧತೆ ಎಂಬ ಎರಡು ಅಳತೆಗೋಲುಗಳ ಬಗ್ಗೆ ಮೇಷ್ಟ್ರು ಎತ್ತಿದ ಪ್ರಶ್ನೆಗೆ ಇಲ್ಲಿ ಇನ್ನೂ ನೇರ ಉತ್ತರ ಬಂದಿಲ್ಲ.

ಮಳವಳ್ಳಿಯವನು

ಸ್ವಾಮಿ, ನಿಮ್ಮ ತಾಯಿಯವರನ್ನು ಮೂಢರು ಎಂದವರ ಪರವಾಗಿ ನಾನು ವಕಾಲತ್ತು ವಹಿಸುವುದಿಲ್ಲ. ಆದರೆ ಪೂರ್ವಪಕ್ಷದ ವಿಷಯದಲ್ಲಿ ಒಂದು ಕೇಳುತ್ತೇನೆ: ವಾಕ್ಯಾರ್ಥ ಸಭೆಯ ಬಾಗಿಲೊಳಗೆ ಕಾಲಿಡಲು ಯಾರಿಗೆ ಅವಕಾಶವಿತ್ತು? ನನ್ನ ತಾತ ಗುಡಿಯ ಹೊರಗೆ ನಿಂತು ತಮಟೆ ಬಡಿದವರು. ಅವರು ಪೂರ್ವಪಕ್ಷ ಬರೆಯಬೇಕಾಗಿದ್ದ ಗ್ರಂಥವನ್ನು ಮುಟ್ಟುವುದೇ ಅವರಿಗೆ ನಿಷಿದ್ಧವಾಗಿತ್ತು. ಪೆಟ್ಟು ತಿಂದವನು ಕೂಗುವಾಗ ಅವನ ಕೂಗಿನ ವ್ಯಾಕರಣ ತಿದ್ದುವುದು ಒಂದು ಬಗೆಯ ಮೇಲುಗೈಯೇ.

ಹಾಗೆಂದು ಕೂಗುವವನಿಗೆ ಎಲ್ಲವೂ ಮಾಫಿ ಎಂದು ನಾನು ಹೇಳುತ್ತಿಲ್ಲ. 1927ರ ಡಿಸೆಂಬರ್ 25ರಂದು ಮಹಾರಾಷ್ಟ್ರದ ಮಹಾಡಿನಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಮತ್ತು ಅವರ ಸಂಗಡಿಗರು ಮನುಸ್ಮೃತಿಯನ್ನು ಸುಟ್ಟರು. ಒಂದು ಧರ್ಮದ ಗ್ರಂಥಕ್ಕೆ ಅದಕ್ಕಿಂತ ಉಗ್ರವಾದ ವಿಮರ್ಶೆ ಇರಲಾರದು. ಆ ದಿನ ಅದನ್ನು ಸುಡುವ ನಿರ್ಣಯವನ್ನು ಮಂಡಿಸಿದವರು ಬಾಬಾಸಾಹೇಬರ ಸಂಗಾತಿ ಗಂಗಾಧರ ನೀಲಕಂಠ ಸಹಸ್ರಬುದ್ಧೆ, ಹುಟ್ಟಿನಿಂದ ಬ್ರಾಹ್ಮಣರು. 1938ರಲ್ಲಿ ಮನಮಾಡಿನ ರೈಲ್ವೆ ಕಾರ್ಮಿಕರ ಸಭೆಯಲ್ಲಿ ಬಾಬಾಸಾಹೇಬರು ಬ್ರಾಹ್ಮಣಶಾಹಿಯನ್ನು ಕಾರ್ಮಿಕರ ಶತ್ರು ಎಂದು ಕರೆದಾಗ, ತಾನು ಹೇಳುತ್ತಿರುವುದು ಒಂದು ಸಮುದಾಯದ ವಿಷಯವಲ್ಲ, ಸ್ವಾತಂತ್ರ್ಯ ಸಮಾನತೆ ಸೋದರತೆಗಳನ್ನು ನಿರಾಕರಿಸುವ ಮನೋಭಾವದ ವಿಷಯ, ಅದು ಎಲ್ಲ ವರ್ಗಗಳಲ್ಲಿಯೂ ಹರಡಿದೆ ಎಂದು ಬಿಡಿಸಿ ಹೇಳಿದರು. ಅಷ್ಟು ಪೆಟ್ಟು ತಿಂದವರು ಅಷ್ಟು ಜಾಗರೂಕರಾಗಿ ಪದ ಆರಿಸಿದರು. ನಮ್ಮ ಸಭೆಗಳಲ್ಲಿ ಕೆಲವು ಭಾಷಣಕಾರರು ಆ ಎಚ್ಚರವನ್ನು ಬಿಟ್ಟು ಒಂದು ಜಾತಿಯ ಮನೆಯ ಹೆಂಗಸರ ಬಗ್ಗೆ ಹಗುರವಾಗಿ ಮಾತನಾಡಿದಾಗ ನಾನು ಎದ್ದು ಹೊರಗೆ ಬಂದದ್ದಿದೆ.

ಎರಡು ಅಳತೆಗೋಲಿನ ಮಾತಿಗೆ ಬರುತ್ತೇನೆ. ಅಳತೆಗೋಲು ಒಂದೇ ಇರಬೇಕು, ಒಪ್ಪುತ್ತೇನೆ. ಆದರೆ ಒಂದೇ ಮಾತು ಬೇರೆ ಬೇರೆ ಬೀದಿಯಲ್ಲಿ ಬೇರೆ ಬೇರೆ ಕೆಲಸ ಮಾಡುತ್ತದೆ. ಮೇಷ್ಟ್ರು ಬಾಲ್ಯವಿವಾಹವನ್ನು ಟೀಕಿಸಿದ ಮಾರನೆಯ ದಿನ ಒಂಟಿಕೊಪ್ಪಲಿನಲ್ಲಿ ಯಾರಿಗೂ ಬಾಡಿಗೆ ಮನೆ ತಪ್ಪುವುದಿಲ್ಲ. "ಆ ಜನವೇ ಹಾಗೆ" ಎಂಬುದನ್ನು ಒಬ್ಬ ಮೇಷ್ಟ್ರ ಬಾಯಿಂದ ಕೇಳಿದವನು ಮನೆಯ ಯಜಮಾನನಾಗಿದ್ದರೆ, ಮೇಲೆ ಬರೆದ ಮೇಡಂ ಅವರಿಗೆ ಬಾಡಿಗೆ ನಿರಾಕರಿಸಲು ಅವನಿಗೊಂದು ವಿದ್ವತ್ತಿನ ಆಧಾರ ಸಿಕ್ಕಂತಾಗುತ್ತದೆ.

ಮಹಿಷ ದಸರಾ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಪುರಾಣದಲ್ಲಿ ರಾಕ್ಷಸನಾಗಿರುವ ಮಹಿಷನನ್ನು ಈ ನಾಡಿನ ಅರಸನೆಂದು ನೆನೆಯುವವರು ಪುರಾಣವನ್ನು ತಿರುಗಿಸಿ ಓದುತ್ತಿದ್ದಾರೆ, ಅಷ್ಟೆ. ಅದನ್ನು ಇತಿಹಾಸದ ದೃಷ್ಟಿಯಿಂದ ಅಲ್ಲಗಳೆಯಬಹುದು, ನಾನೇ ಕೆಲವು ವಾದಗಳನ್ನು ಒಪ್ಪುವುದಿಲ್ಲ. 2023ರಲ್ಲಿ ಚಾಮುಂಡಿ ಬೆಟ್ಟಕ್ಕೆ ಹೋಗದಂತೆ ನಿಷೇಧಾಜ್ಞೆ ಹಾಕಿಸುವಷ್ಟು ಅದರಲ್ಲಿ ಯಾರ ಮೇಲಿನ ದ್ವೇಷವಿತ್ತು ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ಗಂಜಾಂ ಓದುಗ

ಹೊರಗಿನವರ ಟೀಕೆಯ ಬಗ್ಗೆ ಮಾತನಾಡುವಾಗ ನಮ್ಮ ಶ್ರೀರಂಗಪಟ್ಟಣಕ್ಕೇ ಬಂದು ನೆಲೆಸಿದ್ದ ಒಬ್ಬರನ್ನು ಮರೆಯಬಾರದು. 1799ರಲ್ಲಿ ಟಿಪ್ಪು ಮಡಿದ ನಂತರ ಇಲ್ಲಿನ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಲು ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ನಮ್ಮವರಂತೆಯೇ ಉಡುಪು ತೊಟ್ಟು, ನಮ್ಮವರಂತೆಯೇ ಉಂಡು, ಸಿಡುಬಿಗೆ ಲಸಿಕೆ ಹಾಕಿಸುವ ಕೆಲಸಕ್ಕೂ ದುಡಿದು, 1823ರಲ್ಲಿ ಸ್ವದೇಶಕ್ಕೆ ಮರಳಿದರು. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವರು ಬರೆದ ಹಸ್ತಪ್ರತಿಯನ್ನು ಕಂಪನಿ ಸರ್ಕಾರ 2,000 ಪಗೋಡ (ಆಗಿನ ಚಿನ್ನದ ನಾಣ್ಯ) ಕೊಟ್ಟು ಕೊಂಡುಕೊಂಡಿತು. ಅದರಲ್ಲಿ ಅವರು ನಮ್ಮ ದೇವರುಗಳನ್ನೂ ಹಬ್ಬಗಳನ್ನೂ ಕಂಡಿರುವ ರೀತಿ ಹೀನಾಯವಾದುದು. ಒಂದು ಜನಾಂಗದ ಸ್ವಭಾವವೇ ಕೆಟ್ಟದ್ದೆಂಬ ಧಾಟಿಯ ಮಾತುಗಳು ಅಲ್ಲಿ ಬೇಕಾದಷ್ಟಿವೆ. ಆದರೆ ಅದೇ ಪಾದ್ರಿ ಜಾತಿ ಪದ್ಧತಿಯನ್ನು ಮಾತ್ರ ಹಿಂದೂ ಶಾಸನಕಾರರ ಅತ್ಯುತ್ತಮ ಸಾಧನೆಯೆಂದು ಮೆಚ್ಚಿಕೊಂಡರು! ಟೀಕಿಸಬೇಕಾದುದನ್ನು ಹೊಗಳಿ, ಜನರನ್ನು ಹಳಿದ ಅವರನ್ನು ವಿಮರ್ಶಕರೆನ್ನಬೇಕೋ ಪೂರ್ವಗ್ರಹಿಯೆನ್ನಬೇಕೋ? ಅವರು ಹೊರಗಿನವರೆಂಬುದು ಇಲ್ಲಿ ದೋಷವಲ್ಲ. ಹೊರಗಿನವರಾದ್ದರಿಂದಲೇ ನಮ್ಮ ಕಣ್ಣಿಗೆ ಬೀಳದ ಎಷ್ಟೋ ವಿವರಗಳು ಅವರಿಗೆ ಕಂಡಿವೆ, ಮತ್ತು ಇಂದಿಗೂ ಚರಿತ್ರೆಕಾರರು ಅವನ್ನು ತಿರುವಿ ನೋಡುತ್ತಾರೆ. ಕಂಡದ್ದನ್ನೆಲ್ಲ ಹುಟ್ಟುಗುಣವೆಂದು ತೀರ್ಮಾನಿಸಿದಲ್ಲಿ ಅವರು ಎಡವಿದರು.

ಮೇಲುಕೋಟೆ ಮೂಲದವನು

ಮಳವಳ್ಳಿಯವರೇ, ಸಭೆಯ ಬಾಗಿಲ ವಿಷಯದಲ್ಲಿ ನೀವು ಕೇಳಿದ್ದು ಸರಿ, ಮತ್ತು ಅದಕ್ಕೆ ನನ್ನ ಬಳಿ ಸಮರ್ಥನೆಯಿಲ್ಲ. ಒಂದು ತಿದ್ದುಪಡಿ ಮಾತ್ರ ಇರಲಿ: ಪೂರ್ವಪಕ್ಷದ ಹೊಣೆ ಹೆಚ್ಚು ಓದಿದವನ ಮೇಲೆ, ಹೆಚ್ಚು ಅಧಿಕಾರವಿರುವವನ ಮೇಲೆ ಹೆಚ್ಚು ಭಾರವಾಗಿ ಇರಬೇಕೇ ಹೊರತು ತಮಟೆ ಬಡಿದವರ ಮೇಲಲ್ಲ. ಮಹಿಷನನ್ನು ಅರಸನೆಂದು ನೆನೆಯುವುದಕ್ಕೆ ನನ್ನ ಅಡ್ಡಿಯಿಲ್ಲ. ಆ ನೆಪದಲ್ಲಿ ಚಾಮುಂಡಿಯ ಬಗ್ಗೆ ಯಾರಾದರೂ ಅಸಹ್ಯವಾಗಿ ಮಾತನಾಡಿದರೆ ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟಿಗೆ ನಿಷೇಧಾಜ್ಞೆ ಔಷಧವೆಂದು ನಾನು ಹೇಳಲಾರೆ.

ಉದಯಗಿರಿಯ ಶಿಕ್ಷಕಿ

ಎರಡು ಅಳತೆಗೋಲಿನ ಪ್ರಶ್ನೆಗೆ ನನ್ನ ಕಡೆಯಿಂದಲೂ ಸ್ವಲ್ಪ. ಹಾಸನದ ಬಾನು ಮುಷ್ತಾಕ್ ಅವರು ಮಸೀದಿಗೆ ಹೆಂಗಸರ ಪ್ರವೇಶವನ್ನು ಬೆಂಬಲಿಸಿ ಮಾತನಾಡಿದ್ದಕ್ಕೆ 2000ದಲ್ಲಿ ಸ್ವಂತ ಸಮುದಾಯದವರಿಂದಲೇ ಬಹಿಷ್ಕಾರ ಅನುಭವಿಸಿದರು. ಆಗ ಅವರನ್ನು ಧರ್ಮದ್ರೋಹಿ ಎಂದವರಿದ್ದರು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ ನಮ್ಮ ದಸರಾ ಉದ್ಘಾಟನೆಗೆ ಅವರನ್ನು ಕರೆದಾಗ ಇನ್ನೊಂದು ಕಡೆಯಿಂದ ವಿರೋಧ ಬಂತು, ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಅರ್ಜಿಗಳು ಹೋಗಿ ವಜಾ ಆದವು, ಸೆಪ್ಟೆಂಬರ್ 22ರಂದು ಅವರು ಬೆಟ್ಟದ ಮೇಲೆ ಉದ್ಘಾಟನೆ ಮಾಡಿದರು.

ಆ ವಿರೋಧದಲ್ಲಿ ಎರಡು ಎಳೆಗಳಿದ್ದವು, ಅವನ್ನು ಬಿಡಿಸಿ ನೋಡಿ. ಕನ್ನಡವನ್ನು ಭುವನೇಶ್ವರಿಯಾಗಿ ಮಾಡಿ ಅರಿಸಿನ ಕುಂಕುಮ ಹಚ್ಚಿದರೆ ತನ್ನಂಥವರು ಎಲ್ಲಿ ನಿಲ್ಲಬೇಕೆಂದು ಅವರು ಹಿಂದೊಮ್ಮೆ ಕೇಳಿದ್ದರು. ಅದು ತಪ್ಪೆಂದು ವಾದಿಸಿದವರು ಒಂದು ಎಳೆ. ಅವರು ವಾದಿಸಲಿ, ಬಾನು ಅವರ ಮಾತೂ ಟೀಕೆಗೆ ಅತೀತವಲ್ಲ, ನನಗೂ ಆ ಮಾತಿನಲ್ಲಿ ಪೂರ್ತಿ ಒಪ್ಪಿಗೆಯಿಲ್ಲ. ಮುಸ್ಲಿಂ ಹೆಂಗಸು ದೀಪ ಹಚ್ಚಬಾರದೆಂದವರು ಇನ್ನೊಂದು ಎಳೆ. ನಿಸಾರ್ ಅಹಮದ್ ಅವರು 2017ರಲ್ಲಿ ಅದೇ ದೀಪವನ್ನು ಹಚ್ಚಿದ್ದರು. ಮೊದಲನೆಯವರಿಗೆ ಬಾನು ಉತ್ತರ ಕೊಡಬಹುದಿತ್ತು. ಎರಡನೆಯವರಿಗೆ ಕೊಡಲು ಯಾವ ಉತ್ತರವಿದೆ? ಹುಟ್ಟನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲವಲ್ಲ.

ನನ್ನ ಹೆದರಿಕೆ ಏನೆಂದು ಕೇಳಿದರೆ ಇದನ್ನೇ ಹೇಳುತ್ತೇನೆ. ನಾನು ಮನೆಯೊಳಗೆ ಚಿಕ್ಕಪ್ಪನೊಡನೆ ಜಗಳವಾಡಿದ ಮಾತನ್ನು ಯಾರೋ ಹೊರಗೆ ಒಯ್ದು, "ನೋಡಿ, ಅವರ ಹೆಂಗಸರೇ ಹೇಳುತ್ತಿದ್ದಾರೆ" ಎಂದು ನನ್ನ ಚಿಕ್ಕಪ್ಪನ ಅಂಗಡಿಯಲ್ಲಿ ವ್ಯಾಪಾರ ಮಾಡಬೇಡಿ ಎನ್ನುವುದಕ್ಕೆ ಬಳಸುತ್ತಾರೆ. 2022ರಲ್ಲಿ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳನ್ನು ದೂರವಿಡಬೇಕೆಂಬ ಕರೆಗಳು ಬಂದಾಗ ಹಾಗೆಯೇ ಆಯಿತು. ಆ ಕಡೆಯಿಂದ ಚಿಕ್ಕಪ್ಪ, "ನಿನ್ನ ಮಾತಿನಿಂದಲೇ ಹೀಗಾಗಿದ್ದು, ಇನ್ನು ಬಾಯಿ ಮುಚ್ಚು" ಎನ್ನುತ್ತಾರೆ. ಧರ್ಮವನ್ನು ಟೀಕಿಸುವುದೆಲ್ಲ ದ್ವೇಷ ಎನ್ನುವವರೂ, ದ್ವೇಷವನ್ನೆಲ್ಲ ಟೀಕೆ ಎಂದು ಕರೆಯುವವರೂ ಸೇರಿ ಮುಚ್ಚಿಸುವುದು ನನ್ನ ಬಾಯಿಯನ್ನೇ. ಮೇಷ್ಟ್ರ ಎರಡನೆಯ ವಾಕ್ಯ ಹೀಗೆ ನಿಜವಾಗಿಬಿಡುವ ಸಾಧ್ಯತೆಯೂ ಇದೆ.

ಒಂಟಿಕೊಪ್ಪಲು ಮೇಷ್ಟ್ರು

ಎರಡು ದಿನ ಸುಮ್ಮನೆ ಓದುತ್ತಿದ್ದೆ. ನಾನು ತರಗತಿಯಲ್ಲಿ ಎಷ್ಟೋ ಸಲ ಪಾಠ ಮಾಡಿದ ಒಂದು ಶಾಸನವನ್ನು ನಿನ್ನೆ ರಾತ್ರಿ ಮತ್ತೆ ತೆಗೆದು ಓದಿದೆ. ಶ್ರವಣಬೆಳಗೊಳದಲ್ಲಿರುವ 1368ರ ಬುಕ್ಕರಾಯನ ಶಾಸನವದು. ವೈಷ್ಣವರು ತಮಗೆ ಅನ್ಯಾಯ ಮಾಡುತ್ತಿದ್ದಾರೆಂದು ಜೈನರು ದೂರು ಕೊಟ್ಟಾಗ, ಅರಸನು ಮೇಲುಕೋಟೆಯೂ ಸೇರಿದಂತೆ ವೈಷ್ಣವ ಕ್ಷೇತ್ರಗಳ ಆಚಾರ್ಯರನ್ನು ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿ, ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರಿಗೆ ಮೊದಲಿನಂತೆ ಸಲ್ಲಬೇಕೆಂದು ವಿಧಿಸಿದನು. ರಕ್ಷಣೆಗೆ ಇಪ್ಪತ್ತು ಜನ ಕಾವಲಿನವರನ್ನೂ ನೇಮಿಸಲಾಯಿತು.

ಈ ಸಲ ಓದುವಾಗ ಮೊದಲು ಗಮನಿಸದ ಒಂದು ಸಂಗತಿ ಕಣ್ಣಿಗೆ ಬಿತ್ತು. ಜೈನರನ್ನು ವಾದದಲ್ಲಿ ಖಂಡಿಸಬಾರದೆಂದು ಅರಸನು ಎಲ್ಲಿಯೂ ಹೇಳಿಲ್ಲ. ತೊಣ್ಣೂರಿನಲ್ಲಿ ರಾಮಾನುಜರು ಜೈನರೊಡನೆ ವಾದಿಸಿ ಗೆದ್ದರೆಂಬ ಐತಿಹ್ಯವನ್ನು ವೈಷ್ಣವರು ಆಗಲೂ ಹೇಳಿಕೊಳ್ಳುತ್ತಿದ್ದಿರಬೇಕು, ಈಗಲೂ ಹೇಳಿಕೊಳ್ಳುತ್ತಾರೆ. ಅರಸನು ತಡೆದದ್ದು ವಾದ್ಯ ನಿಲ್ಲಿಸುವುದನ್ನು, ಕಲಶ ಕಿತ್ತುಕೊಳ್ಳುವುದನ್ನು.

ಮಳವಳ್ಳಿಯವನು

ಮೇಷ್ಟ್ರೇ, ಆ ಶಾಸನದ ಮುಂದಿನ ಸಾಲನ್ನೂ ಹೇಳಿ. ಕಾವಲಿನವರ ಖರ್ಚಿಗೆ ವರ್ಷಕ್ಕೆ ಮನೆಗೊಂದು ‘ಹಣ’ (ಆಗಿನ ಒಂದು ನಾಣ್ಯ) ಕೊಡಬೇಕಾಗಿದ್ದವರು ಜೈನರೇ. ಪೆಟ್ಟು ತಿಂದವರೇ ತಮ್ಮ ಕಾವಲಿಗೆ ಕಾಸು ಕೊಟ್ಟರು, ಹೊಡೆದವರಿಗೆ ದಂಡ ಬಿದ್ದ ಸುದ್ದಿಯಿಲ್ಲ.

ಒಂಟಿಕೊಪ್ಪಲು ಮೇಷ್ಟ್ರು

ನಿಜ. ಅದನ್ನು ನಾನು ತರಗತಿಯಲ್ಲಿಯೂ ಬಿಟ್ಟು ಮುಂದಕ್ಕೆ ಹೋಗುತ್ತಿದ್ದೆ. ಪರೀಕ್ಷೆಗೆ ಬರುತ್ತಿದ್ದುದು ಮತಸಾಮರಸ್ಯದ ಪ್ರಶ್ನೆ ಮಾತ್ರ. ಆ ಕಾವಲಿನ ಹಣದಲ್ಲಿ ಉಳಿದದ್ದರಿಂದ ಹಾಳಾದ ಜಿನಾಲಯಗಳಿಗೆ ಸುಣ್ಣ ಹಚ್ಚಿಸಿ ರಿಪೇರಿ ಮಾಡಿಸಬೇಕೆಂದೂ ಶಾಸನದಲ್ಲಿದೆ. ಹಾಳು ಮಾಡಿದವರು ಯಾರೆಂಬುದನ್ನು ಅದು ಹೇಳುವುದಿಲ್ಲ.

ನನ್ನ ಭಾಷಣದ ಬರಹರೂಪವನ್ನು ಕೂಟದವರು ಕೇಳಿದ್ದಾರೆ. ಮೊದಲ ವಾಕ್ಯವನ್ನು ಅಲ್ಪವಿರಾಮ ಕೂಡ ಬದಲಿಸದೆ ಉಳಿಸಿಕೊಂಡಿದ್ದೇನೆ, ಅದರಲ್ಲಿ ನನಗೆ ಪಶ್ಚಾತ್ತಾಪವಿಲ್ಲ. ಎರಡನೆಯದನ್ನು ಹೊಡೆದುಹಾಕಿ ಹೀಗೆ ಬರೆದಿದ್ದೇನೆ: "ಆ ಪದ್ಧತಿಯನ್ನು ಸಮರ್ಥಿಸಿದ ಧರ್ಮಗುರುಗಳ ವಿರುದ್ಧ, ಪಾಪ, ಅಸಹಾಯಕರಾಗಿದ್ದ ಮುಸ್ಲಿಂ ಹೆಣ್ಣುಮಕ್ಕಳೇ ಧೈರ್ಯ ಮಾಡಿ ನ್ಯಾಯಾಲಯಕ್ಕೆ ಹೋದರು." ಸಭೆಯಲ್ಲಿ ಮೊದಲಿನದನ್ನು ಹೇಳಿದ್ದೆನೆಂಬುದನ್ನೂ, ಅದು ತಪ್ಪೆಂದು ಎದ್ದು ಹೇಳಿದವರು ಇದ್ದರೆಂಬುದನ್ನೂ ಅಡಿಟಿಪ್ಪಣಿಯಲ್ಲಿ ಸೇರಿಸಿದ್ದೇನೆ. ಉದಯಗಿರಿಯ ಮೇಡಂ ಒಮ್ಮೆ ನೋಡಿಕೊಡಬೇಕು.

ಉದಯಗಿರಿಯ ಶಿಕ್ಷಕಿ

"ಪಾಪ, ಅಸಹಾಯಕರಾಗಿದ್ದ" ಎಂಬ ಎರಡು ಪದಗಳನ್ನು ತೆಗೆದುಬಿಡಿ. ಉಳಿದದ್ದು ಸರಿಯಾಗಿದೆ.

ಒಂಟಿಕೊಪ್ಪಲು ಮೇಷ್ಟ್ರು

ತೆಗೆದಿದ್ದೇನೆ. ಮುಂದಿನ ತಿಂಗಳ ಕೂಟದಲ್ಲಿ ಇದೇ ವಿಷಯದ ಮೇಲೆ ನೀವೇ ಮಾತನಾಡಬಹುದೇ ಎಂದು ಸಂಚಾಲಕರು ಕೇಳುತ್ತಿದ್ದಾರೆ. ಭಾನುವಾರ ಸಂಜೆ ನಾಲ್ಕೂವರೆಗೆ.

ಉದಯಗಿರಿಯ ಶಿಕ್ಷಕಿ

ಭಾನುವಾರ ಸಂಜೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತದ ಪಾಠವಿರುತ್ತದೆ. ಶನಿವಾರವಾದರೆ ಬರುತ್ತೇನೆ, ಚಿಕ್ಕಪ್ಪನನ್ನೂ ಕರೆದುಕೊಂಡು ಬರುತ್ತೇನೆ. ಅವರ ಪೂರ್ವಪಕ್ಷವನ್ನು ಅವರೇ ಹೇಳಲಿ.